ಮಾವನ ಬಾಯಲ್ಲಿ ಉಳಿದ ಒಂದು ಮಾತು

ಕಳೆದ ವರ್ಷ ಶ್ರಾವಣದಲ್ಲಿ ನನ್ನ ಸೋದರಮಾವನಿಗೆ ಪಾರ್ಶ್ವವಾಯು ಬಡಿಯಿತು. ಚೆಂಬೂರಿನಲ್ಲಿ ಅವರದೊಂದು ಸಣ್ಣ ಚಹಾ ತಿಂಡಿಯ ಹೋಟೆಲು ಇದೆ. ಹದಿಮೂರನೆಯ ವಯಸ್ಸಿನಲ್ಲಿ ಕುಂದಾಪುರದ ಕಡೆಯಿಂದ ಮುಂಬಯಿಗೆ ಬಂದು, ಮಾಟುಂಗದ ಹೋಟೆಲೊಂದರಲ್ಲಿ ಕಪ್ಪು ಬಸಿ ತೊಳೆಯುತ್ತ, ರಾತ್ರಿ ಶಾಲೆಯಲ್ಲಿ ಕನ್ನಡದಲ್ಲೇ ಏಳನೆಯ ತರಗತಿ ಮುಗಿಸಿ, ಕೊನೆಗೆ ಸ್ವಂತದ್ದೊಂದು ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತವರು ಅವರು. ಆ ಬೆಳಿಗ್ಗೆ ಗಿರಾಕಿಯೊಬ್ಬರಿಗೆ ಚಿಲ್ಲರೆ ಕೊಡಲು ಎತ್ತಿದ ಬಲಗೈ ಅರ್ಧದಲ್ಲೇ ನಿಂತಿತು. ಬಾಯಿ ತೆರೆದರೂ ಮಾತು ಹೊರಡಲಿಲ್ಲ.

ಮಾರನೆಯ ದಿನ ಆಸ್ಪತ್ರೆಯಲ್ಲಿ ಎಂ.ಆರ್.ಐ. ಚಿತ್ರವನ್ನು ಪರದೆಯ ಮೇಲೆ ತೋರಿಸಿದ ತರುಣ ವೈದ್ಯರು, ಚಿತ್ರದಲ್ಲಿ ಬಲಕ್ಕೆ ಕಾಣುವುದು ರೋಗಿಯ ಎಡಭಾಗ ಎಂದು ಮೊದಲೇ ಎಚ್ಚರಿಸಿ, ಅಲ್ಲಿ ನಿಂಬೆಹಣ್ಣಿನ ಗಾತ್ರದಲ್ಲಿ ಬೆಳ್ಳಗೆ ಹೊಳೆಯುತ್ತಿದ್ದ ಒಂದು ಮಚ್ಚೆಯ ಮೇಲೆ ಬೆರಳಿಟ್ಟರು. ರಕ್ತ ಹೋಗದೆ ಸತ್ತ ಭಾಗ ಅದು. ಬಳಿಕ ಅವರು ಮರಾಠಿಯಲ್ಲಿ ಹೇಳಿದ ಒಂದು ಮಾತು ನನ್ನ ತಲೆಯಿಂದ ಇವತ್ತಿಗೂ ಇಳಿದಿಲ್ಲ: "ಭಾಷಾ ಗೇಲೀ, ಪಣ್ ಮಾಣೂಸ್ ಆಹೇ." ಭಾಷೆ ಹೋಗಿದೆ, ಆದರೆ ಮನುಷ್ಯ ಇದ್ದಾರೆ. ಮನೆಯವರಿಗೆ ಧೈರ್ಯ ತುಂಬಲು ಆಡಿದ ಮಾತು ಎಂಬುದು ನನಗೆ ತಿಳಿಯದ್ದಲ್ಲ. ಆದರೂ ಲೋಕಲ್ ಗಾಡಿಯಲ್ಲಿ ಡೊಂಬಿವಿಲಿಗೆ ಮರಳುವಾಗ ಆ ವಾಕ್ಯದ ಎರಡನೆಯ ಅರ್ಧವೇ ಕಾಡತೊಡಗಿತು. ಭಾಷೆ ಇದ್ದ ಜಾಗವನ್ನು ವೈದ್ಯರು ಬೆರಳಿಟ್ಟು ತೋರಿಸಿದರು. ಹಾಗಾದರೆ ಮನುಷ್ಯ ಇರುವ ಜಾಗ ಯಾವುದು? ಆ ಚಿತ್ರದಲ್ಲಿ ಬೂದು ಬಣ್ಣದಲ್ಲಿ ಉಳಿದಿದ್ದ ಭಾಗವೆಲ್ಲ ಅವರೇ, ಅಥವಾ ಆ ಚಿತ್ರದಲ್ಲಿ ಮೂಡದ ಬೇರೇನಾದರೂ ಇದೆಯೇ?

ಮೂರು ವಾರಗಳ ನಂತರ ಮಾವ ಮಾತಾಡಿದರು. ಬಂದದ್ದು ಒಂದೇ ಪದ: "ಬೋಲೋ." ಹಸಿವಾದರೂ ಬೋಲೋ, ಬಾಯಾರಿಕೆಯಾದರೂ ಬೋಲೋ, ಕಿಟಕಿ ಮುಚ್ಚಬೇಕಿದ್ದರೂ ಬೋಲೋ. ಗಲ್ಲಾಪೆಟ್ಟಿಗೆಯ ಮುಂದೆ ಬಂದು ನಿಂತ ಪ್ರತಿಯೊಬ್ಬರಿಗೂ ಅವರು ದಿನಕ್ಕೆ ನೂರಾರು ಸಲ, ಮೂವತ್ತೆಂಟು ವರ್ಷ ಹೇಳುತ್ತ ಬಂದ ಪದ ಅದು. ತಾನು ಮಾತಾಡಲಾರದೆ ಎದುರಿನವರಿಗೆ 'ಮಾತಾಡು' ಎನ್ನುವ ಈ ವ್ಯಂಗ್ಯ ನಮಗೆಲ್ಲ ಕಂಡಿತು, ಆದರೆ ಯಾರೂ ನಗಲಿಲ್ಲ. ಅತ್ತೆಗೆ ಬೇಸರವಾದದ್ದು ಬೇರೆ ಕಾರಣಕ್ಕೆ. ಕುಂದಾಪ್ರ ಕನ್ನಡ ಒಂದು ಅಕ್ಷರವೂ ಬಾರದೆ, ಪರವೂರಿನ ಈ ಪದವೊಂದೇ ಉಳಿಯಬೇಕೇ ಎಂದು. ನಿಮ್ಮ ಹೆಸರನ್ನಾದರೂ ಕರೆಯಬಹುದಿತ್ತು ಎಂದು ನಾನು ಸಮಾಧಾನಕ್ಕೆ ಹೇಳಿದರೆ, "ಮೊದ್ಲ್ ಎಲ್ಲ್ ಕರೀತಿದ್ರ್ ಮಾರಾಯಾ, ಈಗ ಕರೂಕೆ" ಎಂದು ಅವರೇ ನನ್ನ ಬಾಯಿ ಮುಚ್ಚಿಸಿದರು.

ಇಂಥದ್ದು ಹೊಸದಲ್ಲ. ಪ್ಯಾರಿಸ್ಸಿನ ಬಿಸೆಟ್ರ್ ಆಸ್ಪತ್ರೆಯಲ್ಲಿ ಇಪ್ಪತ್ತೊಂದು ವರ್ಷ ಇದ್ದ ಲೆಬೋರ್ನ್ ಎಂಬ ರೋಗಿಯ ಬಾಯಲ್ಲಿ 'ತಾನ್' ಎಂಬ ಒಂದೇ ಸದ್ದು ಉಳಿದಿತ್ತು. ಆಸ್ಪತ್ರೆಯವರೂ ಅವನನ್ನು ಅದೇ ಹೆಸರಿನಿಂದ ಕರೆಯುತ್ತಿದ್ದರು. 1861ರಲ್ಲಿ ಅವನು ತೀರಿಕೊಂಡಾಗ ವೈದ್ಯ ಪಾಲ್ ಬ್ರೋಕಾ ಅವನ ಮಿದುಳನ್ನು ಪರೀಕ್ಷಿಸಿ, ಎಡಗಡೆಯ ಮುಂಭಾಗದಲ್ಲಿ ಹಾನಿಯಾದ ಜಾಗವನ್ನು ಗುರುತಿಸಿದರು. ಮಾತಿಗೆ ಮಿದುಳಿನಲ್ಲಿ ಗೊತ್ತಾದ ನೆಲೆ ಇದೆ ಎಂಬುದಕ್ಕೆ ವೈದ್ಯಲೋಕಕ್ಕೆ ದೊರೆತ ಮೊದಲ ಗಟ್ಟಿ ಸಾಕ್ಷ್ಯವೆಂದು ಇದನ್ನು ಇಂದಿಗೂ ಹೇಳುತ್ತಾರೆ. ಆದರೆ ಬ್ರೋಕಾ ಬರೆದಿಟ್ಟ ವರದಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಸಂಗತಿ ಬೇರೆಯದು. ಲೆಬೋರ್ನ್ ಕೈಸನ್ನೆಯಿಂದ ಉತ್ತರ ಕೊಡುತ್ತಿದ್ದ, ಮತ್ತು ಎದುರಿನವರಿಗೆ ಅದೂ ಅರ್ಥವಾಗದಿದ್ದಾಗ ಸಿಟ್ಟು ನೆತ್ತಿಗೇರಿ ಅವನ ಬಾಯಿಂದ ಒಂದು ಬೈಗುಳ ಸಲೀಸಾಗಿ ಹೊರಬೀಳುತ್ತಿತ್ತು. ಮಾತಿಲ್ಲದವನಿಗೆ ಬೈಗುಳ ಇತ್ತು. ಬೇಕೆಂದು ಕಟ್ಟುವ ವಾಕ್ಯ ಒಂದು ಕಡೆ, ತಾನಾಗಿ ಉಕ್ಕುವ ಮಾತು ಇನ್ನೊಂದು ಕಡೆ ಎಂದು ಮಿದುಳು ನಮ್ಮ ಭಾಷೆಯನ್ನು ಬೇರೆ ಬೇರೆ ಡಬ್ಬಿಗಳಲ್ಲಿ ಹಾಕಿಟ್ಟುಕೊಂಡಿದೆ ಎಂದು ಕಾಣುತ್ತದೆ.

ಇದನ್ನು ನಾನು ಮಾವನ ಮೇಲೆಯೇ ಪ್ರಯೋಗ ಮಾಡಿ ನೋಡಿದೆ. ಏಳು ಇಂಟು ಎಂಟು ಎಷ್ಟು ಎಂದು ಕೇಳಿದರೆ ಅವರು ಅಸಹಾಯಕರಾಗಿ ಬೋಲೋ ಎಂದರು. ಆದರೆ ನಾನು ರಾಗವಾಗಿ "ಏಳೊಂದ್ಲ ಏಳು, ಏಳೆರಡ್ಲ ಹದಿನಾಲ್ಕು" ಎಂದು ಶುರು ಮಾಡಿ ನಿಲ್ಲಿಸಿದಾಗ, ಮುಂದಿನದನ್ನು ಅವರೇ ಹಿಡಿದು, ಎಲ್ಲೂ ಎಡವದೆ, ಏಳ್ಹತ್ಲ ಎಪ್ಪತ್ತರವರೆಗೆ ಒಯ್ದು ಮುಗಿಸಿದರು. ಅಡುಗೆಮನೆಯಿಂದ ಅತ್ತೆ ಓಡಿ ಬಂದರು. ಆ ವಾರವೇ ಸಂಜೆಯ ಭಜನೆಯಲ್ಲಿ ದಾಸರ ಪದವೊಂದನ್ನು ಪಲ್ಲವಿಯಿಂದ ಅಂಕಿತದವರೆಗೂ ಹಾಡಿದರು. ಹಾಡು ಮುಗಿದ ಕೂಡಲೇ ಮತ್ತೆ ಬೋಲೋ. ರಾಗಕ್ಕೂ ತಾಳಕ್ಕೂ ಬಲ ಮಿದುಳಿನ ನೆರವು ಹೆಚ್ಚು ಎಂಬ ಎಣಿಕೆಯಿಂದ, ಹಾಡಿನ ದಾರಿಯಲ್ಲಿ ಮಾತನ್ನು ಮರಳಿ ತರುವ ಚಿಕಿತ್ಸೆಯೊಂದನ್ನು 1973ರಲ್ಲಿ ಬಾಸ್ಟನ್ನಿನ ಮೂವರು ತಜ್ಞರು ರೂಪಿಸಿದ್ದರು. ವಾರಕ್ಕೆರಡು ದಿನ ಮನೆಗೆ ಬರುವ ಸ್ಪೀಚ್ ಥೆರಪಿಯ ಹುಡುಗಿ ಮಾಡಿಸುವುದೂ ಅದನ್ನೇ, ಆದರೆ ಆಕೆಗೆ ಕನ್ನಡ ಬಾರದು. ಆದ್ದರಿಂದ ರಾಗ ಆಕೆಯದು, ಸಾಹಿತ್ಯ ಅತ್ತೆಯದು.

ನಮ್ಮಂಥ ಮುಂಬಯಿ ಕನ್ನಡಿಗರ ವಿಷಯದಲ್ಲಿ ಈ ಪ್ರಶ್ನೆ ಇನ್ನೂ ಒಂದು ಸುತ್ತು ಹೆಚ್ಚು ತೊಡಕಾಗುತ್ತದೆ. ಮನೆಯಲ್ಲಿ ಒಂದು ಕನ್ನಡ, ಸಂಘದ ವೇದಿಕೆಯಲ್ಲಿ ಇನ್ನೊಂದು ಕನ್ನಡ, ಗಿರಾಕಿಯೊಡನೆ ಹಿಂದಿ, ತರಕಾರಿಯವಳೊಡನೆ ಮರಾಠಿ, ಬ್ಯಾಂಕಿನಲ್ಲಿ ಹರಕುಮುರುಕು ಇಂಗ್ಲಿಷು ಎಂದು ನಾವು ಬದುಕುತ್ತೇವೆ, ಮತ್ತು ಪ್ರತಿ ಭಾಷೆಯಲ್ಲೂ ತುಸು ಬೇರೆಯೇ ಮನುಷ್ಯರಾಗಿರುತ್ತೇವೆ. ಹಿಂದಿಯಲ್ಲಿ ಮಾವ ಖಡಕ್ಕು, ಕುಂದಾಪ್ರ ಕನ್ನಡದಲ್ಲಿ ತಮಾಷೆಗಾರ, ಮರಾಠಿಯಲ್ಲಿ ಅತಿ ವಿನಯದವರು. ಬಹುಭಾಷಿಕರಿಗೆ ಮಿದುಳಿಗೆ ಪೆಟ್ಟಾದಾಗ ಮೊದಲು ಕಲಿತ ಭಾಷೆಯೇ ಹೆಚ್ಚು ಉಳಿಯುತ್ತದೆ ಎಂದು ಫ್ರಾನ್ಸಿನ ತೆಯೋದ್ಯೂಲ್ ರಿಬೋ 1881ರಲ್ಲಿ ವಾದಿಸಿದರು. ಅಲ್ಲ, ಪೆಟ್ಟಾಗುವ ಮುನ್ನ ಹೆಚ್ಚು ಬಳಕೆಯಲ್ಲಿದ್ದ ಭಾಷೆಯೇ ಮೊದಲು ಮರಳುತ್ತದೆ ಎಂದು ಆಲ್ಬೆರ್ ಪಿತ್ರ್ 1895ರಲ್ಲಿ ಹೇಳಿದರು. ಮಾವ ಇಬ್ಬರನ್ನೂ ನಿರಾಶೆಗೊಳಿಸದೆ, ಮಗ್ಗಿಯನ್ನು ಕನ್ನಡದಲ್ಲೂ ಬೋಲೋವನ್ನು ಹಿಂದಿಯಲ್ಲೂ ಇಟ್ಟುಕೊಂಡರು. ಇದರಲ್ಲಿ ನಿಜವಾದ ಮಾವ ಯಾರು ಎಂದು ಕೇಳುವುದು, ಮುಂಬಯಿಯ ವಿ.ಟಿ. (ವಿಕ್ಟೋರಿಯಾ ಟರ್ಮಿನಸ್) ಸ್ಟೇಷನ್ನು ಹೆಸರು ಬದಲಾದ ಮೇಲೂ ಅದೇ ಸ್ಟೇಷನ್ನೇ ಎಂದು ಕೇಳಿದಂತೆ. ಅಂದಹಾಗೆ ಮಾತು ನಿಲ್ಲುವವರೆಗೂ ಮಾವ ಅದನ್ನು ಅದಕ್ಕೂ ಹಳೆಯ ಹೆಸರಿನಿಂದ ಬೋರಿಬಂದರ್ ಎಂದೇ ಕರೆಯುತ್ತಿದ್ದರು.

ಮಿದುಳೇ ಮನುಷ್ಯ ಎನ್ನುವ ವಾದವನ್ನು ನಾನು ಹಗುರವಾಗಿ ನೋಡುವುದಿಲ್ಲ. ಅದನ್ನು ಹಗುರವಾಗಿ ನೋಡುವವರು ಆಸ್ಪತ್ರೆಯ ನರರೋಗ ವಿಭಾಗದಲ್ಲಿ ಒಂದು ವಾರ ಕುಳಿತು ಬರಬೇಕು. ಅಮೆರಿಕದ ವರ್ಮಾಂಟ್‌ನಲ್ಲಿ 1848ರ ಸೆಪ್ಟೆಂಬರಿನಲ್ಲಿ ರೈಲು ಹಾದಿಗೆ ಬಂಡೆ ಸಿಡಿಸುವಾಗ, ಒಂದು ಮೀಟರಿಗೂ ಉದ್ದದ, ಆರು ಕಿಲೋ ತೂಕದ ಕಬ್ಬಿಣದ ಸಲಾಕೆ ಫಿನಿಯಾಸ್ ಗೇಜ್ ಎಂಬ ಮೇಸ್ತ್ರಿಯ ಕೆನ್ನೆಯಿಂದ ಹೊಕ್ಕು ನೆತ್ತಿಯಿಂದ ಹೊರಬಿತ್ತು. ಅವನು ಬದುಕಿದ. ಆದರೆ ಜವಾಬ್ದಾರಿಯುಳ್ಳ ಆಳು ಎಂದು ಹೆಸರಾಗಿದ್ದವನು ಹಟಮಾರಿಯೂ ಬಾಯಿ ಹೊಲಸಿನವನೂ ಆಗಿ, ಇವನು ನಮ್ಮ ಗೇಜ್ ಅಲ್ಲ ಎಂದು ಸ್ನೇಹಿತರೇ ಹೇಳುವಂತಾಯಿತು ಎಂದು ಅವನ ವೈದ್ಯ ಹಾರ್ಲೋ ದಾಖಲಿಸಿದ್ದಾರೆ. ಈ ಕಥೆಯನ್ನು ಹೇಳುವವರು ಬಹಳ ಸಲ ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಅದೇ ಗೇಜ್ ಮುಂದೆ ಚಿಲಿ ದೇಶಕ್ಕೆ ಹೋಗಿ ವರ್ಷಗಟ್ಟಲೆ ಪ್ರಯಾಣಿಕರ ಕುದುರೆಗಾಡಿ ಓಡಿಸಿದ. ಹೊತ್ತಿಗೆ ಸರಿಯಾಗಿ ಹೊರಡುವುದು, ಹಲವು ಕುದುರೆಗಳ ಲಗಾಮು ಹಿಡಿಯುವುದು, ಪ್ರಯಾಣಿಕರೊಡನೆ ಏಗುವುದು ನಿಯಂತ್ರಣವಿಲ್ಲದ ಮನುಷ್ಯ ಮಾಡುವ ಕೆಲಸವಲ್ಲ. ಮಿದುಳಿನ ಮುಂಭಾಗ ಮರಳಿ ಬೆಳೆಯಲಿಲ್ಲ. ದಿನದಿನದ ದುಡಿಮೆಯ ಕಟ್ಟುಪಾಡು ಅವನನ್ನು ಸ್ವಲ್ಪಮಟ್ಟಿಗೆ ಮರಳಿ ಕಟ್ಟಿತೆಂದು ಊಹಿಸುವುದಕ್ಕೆ ಎಡೆಯಿದೆ.

ನೆನಪೇ ಮನುಷ್ಯ ಎಂಬ ಮಾತೂ ಹೀಗೇ ಅರ್ಧ ದಾರಿಯಲ್ಲಿ ನಿಲ್ಲುತ್ತದೆ. ರಾಜಕುಮಾರನ ನೆನಪುಗಳು ಚಮ್ಮಾರನ ದೇಹಕ್ಕೆ ಹೋದರೆ ಅಲ್ಲಿರುವವನು ರಾಜಕುಮಾರನೇ ಎಂದು ಇಂಗ್ಲೆಂಡಿನ ತತ್ವಶಾಸ್ತ್ರಜ್ಞ ಜಾನ್ ಲಾಕ್ ಹದಿನೇಳನೆಯ ಶತಮಾನದ ಕೊನೆಯಲ್ಲಿ ತರ್ಕಿಸಿದ್ದರು. 1953ರಲ್ಲಿ ಹೆನ್ರಿ ಮೊಲೈಸನ್ ಎಂಬ ಅಮೆರಿಕನ್ ಯುವಕನಿಗೆ ಅಪಸ್ಮಾರ ನಿಲ್ಲಲೆಂದು ಮಿದುಳಿನ ಎರಡೂ ಬದಿಯ, ಹೊಸ ನೆನಪು ಕೂಡಿಡಲು ಬೇಕಾದ ಹಿಪ್ಪೊಕ್ಯಾಂಪಸ್ ಭಾಗವನ್ನು ಬಹುಮಟ್ಟಿಗೆ ತೆಗೆದರು. ಅಲ್ಲಿಂದ 2008ರಲ್ಲಿ ತೀರಿಕೊಳ್ಳುವವರೆಗೆ, ಕೆಲವೇ ನಿಮಿಷಗಳ ಹಿಂದೆ ಭೇಟಿಯಾದವರೂ ಆತನಿಗೆ ಹೊಸಬರೇ ಆದರು. ಆದರೆ ಕನ್ನಡಿಯಲ್ಲಿ ನೋಡಿಕೊಂಡು ನಕ್ಷತ್ರದ ಚಿತ್ರ ಗೀಚುವ ಕಷ್ಟದ ಕೆಲಸವನ್ನು ಮನಶ್ಶಾಸ್ತ್ರಜ್ಞೆ ಬ್ರೆಂಡಾ ಮಿಲ್ನರ್ ಕೊಟ್ಟಾಗ, ತಾನು ಹಿಂದೆ ಅದನ್ನು ಮಾಡಿದ್ದೇ ಗೊತ್ತಿಲ್ಲದೆ, ಆತ ದಿನದಿಂದ ದಿನಕ್ಕೆ ಚೆನ್ನಾಗಿ ಗೀಚಿದ. ಕೈ ಕಲಿಯಿತು, ಕಲಿತದ್ದು ತಲೆಗೆ ತಿಳಿಯಲಿಲ್ಲ. ಆತನ ಸೌಜನ್ಯ, ಪದಬಂಧದ ಗೀಳು, ಮೆಲು ಹಾಸ್ಯ ಕೊನೆಯವರೆಗೂ ಇದ್ದವು. ಲಾಕ್ ಹೇಳಿದ್ದೇ ನಿಜವಾದರೆ, ಸುಮಾರು ಐವತ್ತೈದು ವರ್ಷ ಆ ದೇಹದಲ್ಲಿ ಸೌಜನ್ಯದಿಂದ ಬದುಕಿದವನು ಯಾರು?

ನಮ್ಮಲ್ಲಿ ಇದನ್ನು ಕೇಳಿದ ಕೂಡಲೇ ಆತ್ಮ ಎಂಬ ಉತ್ತರ ಸಿದ್ಧವಾಗಿ ಬರುತ್ತದೆ. ಮಾವನನ್ನು ನೋಡಲು ಬಂದ ನೆಂಟರೊಬ್ಬರು, ವೀಣೆಯ ತಂತಿ ಕಡಿದರೆ ವೈಣಿಕನಿಗೇನೂ ಆಗುವುದಿಲ್ಲ ಎಂದು ಅತ್ತೆಗೆ ಬೋಧಿಸಿದರು. ಉಪಮೆ ಚೆಂದ. ಆದರೆ ತಂತಿ ಕಡಿದಾಗ ವೈಣಿಕನ ಸ್ವಭಾವವೂ ಬದಲಾಗುವುದಿಲ್ಲ, ಗೇಜ್‌ನದು ಬದಲಾಯಿತು. ಇನ್ನೂ ಕಠಿಣವಾದದ್ದು ಎಡ ಬಲ ಮಿದುಳುಗಳ ನಡುವಣ ಸೇತುವೆಯನ್ನು ಶಸ್ತ್ರಕ್ರಿಯೆಯಿಂದ ಕತ್ತರಿಸಿದವರ ವಿಷಯ. ಅವರನ್ನು ಪರೀಕ್ಷಿಸಿದ ಕೆಲಸಕ್ಕೆ ರೋಜರ್ ಸ್ಪೆರಿಗೆ 1981ರ ನೊಬೆಲ್ ಬಂತು. ಅಂಥ ಒಬ್ಬ ರೋಗಿಯ ಎಡ ಮಿದುಳಿಗೆ ಕೋಳಿಕಾಲಿನ ಚಿತ್ರ, ಬಲ ಮಿದುಳಿಗೆ ಹಿಮ ಬಿದ್ದ ಮನೆಯ ಚಿತ್ರ ತೋರಿಸಿದಾಗ, ಎಡ ಮಿದುಳು ನಡೆಸುವ ಬಲಗೈ ಕೋಳಿಯ ಚಿತ್ರವನ್ನೂ ಬಲ ಮಿದುಳು ನಡೆಸುವ ಎಡಗೈ ಸಲಿಕೆಯ ಚಿತ್ರವನ್ನೂ ಆರಿಸಿದವು. ಸಲಿಕೆ ಏಕೆ ಎಂದು ಕೇಳಿದರೆ, ಹಿಮವನ್ನೇ ಕಾಣದ, ಆದರೆ ಮಾತು ಬಲ್ಲ ಎಡ ಮಿದುಳು ಕಿಂಚಿತ್ತೂ ತಡವರಿಸದೆ, ಕೋಳಿಗೂಡು ಗುಡಿಸಲು ಎಂದು ಉತ್ತರಿಸಿತು. ವೈಣಿಕ ಒಬ್ಬನೇ ಆಗಿದ್ದರೆ ಚಾಕುವಿನ ಒಂದು ಗೆರೆಗೆ ಎರಡು ಕೈ ಎರಡು ರಾಗ ನುಡಿಸುವುದು ಹೇಗೆ? ಮಣ್ಣು, ನೀರು, ಬೆಂಕಿ, ಗಾಳಿ ಎಂಬ ನಾಲ್ಕು ಭೂತಗಳು ಕೂಡಿದಾಗ, ಹುದುಗಿದ ಧಾನ್ಯದಲ್ಲಿ ಅಮಲು ಹುಟ್ಟುವಂತೆ ಚೈತನ್ಯ ಹುಟ್ಟುತ್ತದೆ ಎಂದು ಎಷ್ಟೋ ಶತಮಾನಗಳ ಹಿಂದೆಯೇ ಹೇಳಿದ ಚಾರ್ವಾಕರು ಈ ಮಟ್ಟಿಗೆ ನನಗೆ ನೆಂಟರಿಗಿಂತ ಹತ್ತಿರದವರು.

ಹಾಗೆಂದು ತಲೆಬುರುಡೆಯೊಳಗೇ ಎಲ್ಲ ಮುಗಿಯಿತೇ? ಬೇತಾಳ ವಿಕ್ರಮನಿಗೆ ಕೇಳಿದ ಪ್ರಶ್ನೆಗಳಲ್ಲಿ ಇದೂ ಒಂದು. ಗಂಡನ ತಲೆ ಒಬ್ಬನ ದೇಹಕ್ಕೂ ಮತ್ತೊಬ್ಬನ ತಲೆ ಗಂಡನ ದೇಹಕ್ಕೂ ಅಂಟಿಹೋದಾಗ ಆ ಹೆಣ್ಣಿಗೆ ಗಂಡ ಯಾರು? ಅಂಗಗಳಲ್ಲಿ ತಲೆಯೇ ಶ್ರೇಷ್ಠ, ಆದ್ದರಿಂದ ಗಂಡನ ತಲೆ ಇರುವವನೇ ಗಂಡ ಎಂದು ರಾಜ ತೀರ್ಪಿತ್ತ. ನಮ್ಮ ಕಾನೂನೂ ರಾಜನ ಪಕ್ಷವೇ. 1994ರ ಅಂಗಾಂಗ ಕಸಿ ಕಾಯ್ದೆಯ ಪ್ರಕಾರ ನಾಲ್ವರು ವೈದ್ಯರು ಆರು ಗಂಟೆಗಳ ಅಂತರದಲ್ಲಿ ಎರಡು ಸಲ ಪರೀಕ್ಷಿಸಿ ಮಿದುಳುಕಾಂಡ ಸತ್ತಿದೆ ಎಂದರೆ, ಎದೆ ಇನ್ನೂ ಬಡಿಯುತ್ತಿದ್ದರೂ ಮನುಷ್ಯ ತೀರಿಹೋದಂತೆ. ಪರೇಲಿನ ಕೆ.ಇ.ಎಂ. ಆಸ್ಪತ್ರೆಯಲ್ಲಿ 1968ರ ಫೆಬ್ರವರಿಯಲ್ಲಿ ಡಾ. ಪ್ರಫುಲ್ಲಕುಮಾರ ಸೇನ್ ಭಾರತದ ಮೊದಲ ಹೃದಯ ಕಸಿ ಮಾಡಿದಾಗ ರೋಗಿ ಬದುಕಿದ್ದು ಕೆಲವೇ ಗಂಟೆ. ಇಂದು ಹೃದಯ ಬದಲಾದವರು ವರ್ಷಗಟ್ಟಲೆ ಬದುಕುತ್ತಾರೆ, ಮತ್ತು ಅವರು ಬೇರೆಯವರಾದರೆಂದು ಯಾರೂ ತಕರಾರು ಮಾಡುವುದಿಲ್ಲ. ಈ ತೀರ್ಪನ್ನು ನಾನು ಒಪ್ಪುತ್ತೇನೆ, ಆದರೆ ಅದು ಯಾವ ಪ್ರಶ್ನೆಗೆ ಕೊಟ್ಟ ಉತ್ತರ ಎಂಬುದನ್ನು ಮರೆಯಬಾರದು. ಯಾವುದು ಇಲ್ಲದಿದ್ದರೆ ಮನುಷ್ಯ ಇಲ್ಲ ಎಂಬುದು ಒಂದು ಪ್ರಶ್ನೆ. ಮನುಷ್ಯ ಯಾವುದರಿಂದ ಆಗಿದ್ದಾನೆ ಎಂಬುದು ಬೇರೆಯೇ ಪ್ರಶ್ನೆ. ಒಲೆ ಆರಿದರೆ ಹೋಟೆಲು ನಡೆಯುವುದಿಲ್ಲ ನಿಜ, ಆದರೆ ಹೋಟೆಲೆಂದರೆ ಒಲೆ ಎಂದು ಮಾವ ಎಂದೂ ಹೇಳಿರಲಿಲ್ಲ.

1998ರಲ್ಲಿ ಆಂಡಿ ಕ್ಲಾರ್ಕ್ ಮತ್ತು ಡೇವಿಡ್ ಚಾಮರ್ಸ್ ಎಂಬಿಬ್ಬರು ತತ್ವಶಾಸ್ತ್ರಜ್ಞರು, ಮರೆವಿನ ರೋಗದ ಓಟೋ ಎಂಬ ಕಲ್ಪಿತ ವ್ಯಕ್ತಿಯನ್ನು ಮುಂದಿಟ್ಟು, ಅವನು ಸದಾ ಜೊತೆಗಿಟ್ಟುಕೊಂಡು ನಂಬುವ ನೋಟುಪುಸ್ತಕವೂ ಅವನ ಮನಸ್ಸಿನ ಭಾಗವೇ ಎಂದು ವಾದಿಸಿದ್ದರು. ಮೊದಲ ಸಲ ಓದಿದಾಗ ಇದು ನನಗೆ ಮಾತಿನ ಚಮತ್ಕಾರದಂತೆ ಕಂಡಿತ್ತು. ಈಗ ಹಾಗೆ ಕಾಣುವುದಿಲ್ಲ, ಏಕೆಂದರೆ ಉಧಾರಿಯ ಪ್ರಕರಣ ನಡೆಯಿತು.

ಮಾವನ ಹೋಟೆಲಿನಲ್ಲಿ ಉಧಾರಿಯ ಖಾತೆ ಪುಸ್ತಕ ಇರಲಿಲ್ಲ. ರಿಕ್ಷಾದವರು, ಪೇಪರಿನವರು, ಪಕ್ಕದ ಗ್ಯಾರೇಜಿನ ಹುಡುಗರು ತಿಂಗಳಿಡೀ ತಿಂದು ಕುಡಿದದ್ದರ ಲೆಕ್ಕವೆಲ್ಲ ಅವರ ತಲೆಯಲ್ಲಿತ್ತು. ಬರೆದಿಡಿ ಎಂದು ಮಗ ಎಷ್ಟು ಸಲ ಹೇಳಿದರೂ, ಬರೆದರೆ ಅವರಿಗೆ ಅವಮಾನ ಎಂಬುದು ಮಾವನ ಉತ್ತರ. ಪಾರ್ಶ್ವವಾಯು ಬಡಿದಾಗ ಆ ಹಣ ಮುಳುಗಿತೆಂದೇ ನಾವು ತಿಳಿದೆವು. ದೀಪಾವಳಿಯ ಹೊತ್ತಿಗೆ ಮಾವನನ್ನು ದಿನಕ್ಕೆ ಎರಡು ಗಂಟೆ ಗಲ್ಲೆಯ ಪಕ್ಕದ ಕುರ್ಚಿಯಲ್ಲಿ ಕೂರಿಸತೊಡಗಿದರು. ಬಂದವರಿಗೆಲ್ಲ ಅವರು ಹಳೆಯ ಧಾಟಿಯಲ್ಲೇ ಬೋಲೋ ಎನ್ನುತ್ತಿದ್ದರು, ಆ ಜಾಗದಲ್ಲಿ ಅದು ರೋಗದಂತೆ ಕೇಳಿಸಲೇ ಇಲ್ಲ. ಬೋಲೋ ಎಂದೊಡನೆ ಜನ ಮಾತಾಡುತ್ತಿದ್ದರು, ಅವರು ಕೇಳಿ ತಲೆಯಾಡಿಸುತ್ತಿದ್ದರು. ಮನೆಯಲ್ಲಿ ಚೂರಾಗಿ ಕಂಡ ಮನುಷ್ಯ ಅಲ್ಲಿ ಇಡಿಯಾಗಿ ಕಾಣುತ್ತಿದ್ದರು. ಆ ದಿನಗಳಲ್ಲೇ ಒಬ್ಬೊಬ್ಬರಾಗಿ ಗಿರಾಕಿಗಳು ಬಂದು, ಅಣ್ಣಾ ನನ್ನದು ಇಷ್ಟು ಬಾಕಿ ಇತ್ತು ಎಂದು ತಾವೇ ಹೇಳಿ ಹಣ ಇಟ್ಟು ಹೋದರು. ಎಲ್ಲರೂ ಬರಲಿಲ್ಲ, ಬಾರದವರ ಹೆಸರನ್ನು ಅತ್ತೆ ಬಲ್ಲರು. ಆದರೂ ಮಾವನ ತಲೆಯಲ್ಲಿದೆ ಎಂದುಕೊಂಡಿದ್ದ ಲೆಕ್ಕ, ಆ ತಲೆಗೆ ಪೆಟ್ಟಾದ ಮೇಲೂ ಚೆಂಬೂರಿನ ಹತ್ತಾರು ತಲೆಗಳಲ್ಲಿ ಹರಡಿಕೊಂಡಿತ್ತು. ಅದರ ಜೊತೆಗೆ, ಈ ಮನುಷ್ಯನಿಗೆ ಮೋಸ ಮಾಡಬಾರದು ಎಂಬುದೂ ಅಲ್ಲೇ ಇತ್ತು. ಆ ಎರಡನೆಯದು ಯಾವ ಎಂ.ಆರ್.ಐ. ಚಿತ್ರದಲ್ಲೂ ಮೂಡುವಂಥದ್ದಲ್ಲ. ಆದರೆ ಅದನ್ನು ಬಿಟ್ಟು ಮಾವ ಯಾರೆಂದು ಹೇಳಿ ಎಂದರೆ ನನ್ನಿಂದಾಗದು. ಇದು ದೇಹ ಬಿಟ್ಟು ಹಾರುವ ಯಾವುದೋ ವಸ್ತುವಲ್ಲ, ಇತರರ ಮಿದುಳುಗಳಲ್ಲಿ, ರೂಢಿಯಲ್ಲಿ, ಆ ಕುರ್ಚಿಯಲ್ಲಿ ನೆಲೆಸಿರುವಂಥದ್ದು. ಮಿದುಳಿಗಿಂತ ಹೆಚ್ಚಿನದು ಎಂದು ನಾನು ಹೇಳುವುದು ಇಷ್ಟನ್ನೇ.

ಪೆಟ್ಟಾದ ಮೇಲೆ ಅವರು ಅದೇ ಮನುಷ್ಯರೇ ಎಂಬ ಪ್ರಶ್ನೆಗೆ ಹೌದು ಅಥವಾ ಅಲ್ಲ ಎಂಬ ಉತ್ತರ ಇರಲೇಬೇಕೆಂದಿಲ್ಲ, ಎಷ್ಟರಮಟ್ಟಿಗೆ ಎಂದಷ್ಟೇ ಕೇಳಬಹುದು ಎಂಬ ಅರ್ಥದ ವಾದವನ್ನು ತತ್ವಶಾಸ್ತ್ರಜ್ಞ ಡೆರೆಕ್ ಪಾರ್ಫಿಟ್ 1984ರಲ್ಲಿ ಮಂಡಿಸಿದ್ದಾರೆ. ಅದನ್ನು ನಾನು ಒಂದು ಸಂಜೆ ಅತ್ತೆಗೆ ನನ್ನ ಮಾತಿನಲ್ಲಿ ವಿವರಿಸಿದೆ. ಅವರು ಸಾವಧಾನವಾಗಿ ಕೇಳಿ, ಮಾವನ ರಾತ್ರಿಯ ಮಾತ್ರೆ ಎಷ್ಟು ಉಳಿದಿದೆ ನೋಡು ಎಂದರು.

ಕಳೆದ ತಿಂಗಳು ರಿಕ್ಷಾದವನೊಬ್ಬ ಊರಿನಿಂದ ಮರಳಿದವನು ಗಲ್ಲೆಯ ಮುಂದೆ ನಿಂತು, ಹಳೆಯ ಬಾಕಿ ಎಂದು ಐನೂರರ ನೋಟು ಇಟ್ಟ. ಮಾವ ಅದನ್ನು ಎಡಗೈಯಲ್ಲಿ ತೆಗೆದುಕೊಂಡವರು ತಲೆ ಅಡ್ಡಡ್ಡ ಆಡಿಸಿದರು. ಕಡಿಮೆಯಾಯಿತೆಂದು ಅವನು ಮತ್ತೆ ಜೇಬಿಗೆ ಕೈ ಹಾಕಿದ. ಮಾವ ಇನ್ನೂ ಜೋರಾಗಿ ತಲೆಯಾಡಿಸಿ, ಪೆಟ್ಟಿಗೆ ಎಳೆದು, ಬಹಳ ಹೊತ್ತು ತಡಕಾಡಿ, ಒಂದು ನೂರು ಮತ್ತು ಎರಡು ಇಪ್ಪತ್ತರ ನೋಟುಗಳನ್ನು ಅವನ ಕಡೆಗೆ ತಳ್ಳಿದರು. ಅವನು ಸ್ವಲ್ಪ ಹೊತ್ತು ನಿಂತು ಯೋಚಿಸಿ, ಊರಿಗೆ ಹೋಗುವ ಹಿಂದಿನ ದಿನ ತಾನು ನೂರ ನಲವತ್ತು ಕೊಟ್ಟದ್ದು ಮರೆತೇ ಹೋಗಿತ್ತು ಎಂದು ಮರಾಠಿಯಲ್ಲಿ ಹೇಳಿ ನಕ್ಕ. ಅವನ ಹಿಂದೆ ಸಾಲಿನಲ್ಲಿದ್ದವನ ಮುಖ ನೋಡಿ ಮಾವ ಬೋಲೋ ಎಂದರು. ಅವನು ಒಂದು ಕಟಿಂಗ್ ಚಹಾ ಮತ್ತು ಒಂದು ಪ್ಲೇಟ್ ಇಡ್ಲಿ ಹೇಳಿದ.